ಪದಚರ್ಚೆ: ಹಳೆಯ ಅಮೆರಿಕನ್ ಬರಹಗಳ ‘ಪಾರ್ಕಿಂಗ್’, ‘ಜೇವಾಕರ್’, ‘ಸಬರ್ಬ್’ — ಕನ್ನಡದಲ್ಲಿ ಏನೆನ್ನೋಣ?

ಅಮೆರಿಕದ ಊರುಗಳಿಗೆ ಕಾರು ನುಗ್ಗಿದ ಕಾಲದ, ಸುಮಾರು 1900ರಿಂದ 1930ರವರೆಗಿನ ಬರಹಗಳನ್ನು ಕನ್ನಡಕ್ಕೆ ತರುವಾಗ ಈ ಮೂರು ಪದಗಳಲ್ಲಿ ನಿಘಂಟು ಕೈಕೊಡುತ್ತದೆ. ಬರಹದ ಇಸವಿ ನೋಡದೆ ಪದ ಆರಿಸಿದರೆ ಅರ್ಥವೇ ತಲೆಕೆಳಗು.

‘ಪಾರ್ಕಿಂಗ್’ ಎಂದೊಡನೆ ‘ವಾಹನ ನಿಲುಗಡೆ’ ಎಂದು ಬರೆದುಬಿಡುತ್ತೇವೆ. ಆದರೆ 1870ರಲ್ಲಿ ಅಮೆರಿಕದ ಕಾಂಗ್ರೆಸ್, ವಾಷಿಂಗ್ಟನ್ನಿನ ಅತಿ ಅಗಲದ ಬೀದಿಗಳ ಅಂಚನ್ನು ಹಸಿರಿಗೆ ಬಿಡಲು ಅನುಮತಿ ಕೊಟ್ಟಾಗ, ಆ ಹಸಿರು ಪಟ್ಟಿಗೇ ‘ಪಾರ್ಕಿಂಗ್’ ಎಂಬ ಹೆಸರಿತ್ತು. ಅದರ ಬೆನ್ನಿಗೇ ಬಂದ ‘ಪಾರ್ಕಿಂಗ್ ಕಮಿಷನ್’ ಮಾಡಿದ್ದು ಬೀದಿಯುದ್ದಕ್ಕೂ ಮರ ನೆಡುವ ಕೆಲಸ. ಅದನ್ನು ‘ವಾಹನ ನಿಲುಗಡೆ ಆಯೋಗ’ ಮಾಡಿದರೆ ಅನರ್ಥ; ‘ಬೀದಿಮರ ಸಮಿತಿ’ ಎನ್ನಬಹುದು. ಫಿರಂಗಿ, ಬಂಡಿಗಳನ್ನು ಸಾಲಾಗಿ ನಿಲ್ಲಿಸುವ ಸೇನೆಯ ಮಾತು ಬೇರೆಯೇ ಇತ್ತು. ಇಂದಿನ ಅರ್ಥಕ್ಕೆ ದಾರಿಯಾದದ್ದು ಅದು. ಕಾರುಗಳಿಗಾಗಿ ರಸ್ತೆ ಅಗಲ ಮಾಡಿದಾಗ ಎಷ್ಟೋ ಊರುಗಳಲ್ಲಿ ಮೊದಲ ‘ಪಾರ್ಕಿಂಗ್’ ಹೋಗಿ ಎರಡನೆಯದು ಬಂತು.

ಗುರುತಿಸುವುದು ಹೇಗೆ? ಸುತ್ತಮುತ್ತ ಹುಲ್ಲು, ಮರ, ನೀರು ಹಾಯಿಸುವ ಮಾತಿದ್ದರೆ ‘ಹಸಿರು ಪಟ್ಟಿ’. ಗಂಟೆ, ದಂಡ, ಪೊಲೀಸರ ಮಾತಿದ್ದರೆ ‘ನಿಲುಗಡೆ’. ಒಕ್ಲಹೋಮ ಸಿಟಿಯಲ್ಲಿ ಗಂಟೆಗೆ 5 ಸೆಂಟಿನ ನಿಲುಗಡೆ ಮೀಟರು ಬಂದದ್ದು 1935ರ ಜುಲೈಯಲ್ಲಿ. ಅಲ್ಲಿಂದೀಚಿನ ಬರಹಗಳಲ್ಲಿ ಗೊಂದಲ ಕಡಿಮೆ. ಆದರೂ ಅಯೋವಾ ರಾಜ್ಯದ ಕಡೆಯ ಬರಹವಾದರೆ ಎಚ್ಚರ: ಪಾದಚಾರಿ ದಾರಿಗೂ ರಸ್ತೆಗೂ ನಡುವಿನ ಹುಲ್ಲಿಗೆ ಅಲ್ಲಿ ಇಂದಿಗೂ ‘ಪಾರ್ಕಿಂಗ್’ ಎಂಬ ಹೆಸರು ಉಳಿದಿದೆ.

‘ಜೇವಾಕರ್’ಗೆ ‘ಅಡ್ಡಾದಿಡ್ಡಿ ರಸ್ತೆ ದಾಟುವವನು’ ಎಂಬುದು ಇಂದಿನ ಕಾನೂನಿನ ಅರ್ಥ. ‘ಜೇ’ ಎಂದರೆ ಆಗ ಹಳ್ಳಿಗುಗ್ಗು. ಪೇಟೆಯಲ್ಲಿ ನಡೆಯಲು ಬಾರದವನು ಎಂಬ ಬೈಗುಳ. 1925ರಲ್ಲಿ ಲಾಸ್ ಏಂಜಲೀಸ್ ಪಾದಚಾರಿಗಳನ್ನು ಗೊತ್ತಾದ ಜಾಗದಲ್ಲಷ್ಟೇ ದಾಟಿಸುವ ನಿಯಮ ತಂದು, ಅದು ಬೇರೆ ಊರುಗಳಿಗೂ ಮಾದರಿಯಾಯಿತು. ಅದಕ್ಕೆ ಮುಂಚಿನ ಪತ್ರಿಕೆಗಳಲ್ಲಿ ಈ ಪದ ಕಂಡರೆ ಬೈಗುಳವನ್ನೇ ಉಳಿಸಬೇಕು ಎಂದು ನನ್ನ ಮತ. ಆ ಹೊತ್ತಿಗೆ ಬೀದಿ ಯಾರದ್ದೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ: 1923ರಲ್ಲಿ ಸಿನ್ಸಿನಾಟಿಯ 42,000 ಜನ, ಕಾರುಗಳಿಗೆ ಗಂಟೆಗೆ 25 ಮೈಲಿ ಮೀರದಂತೆ ತಡೆಯುವ ‘ಸ್ಪೀಡ್ ಗವರ್ನರ್’ ಸಾಧನ ಕಡ್ಡಾಯ ಮಾಡಿ ಎಂದು ಸಹಿ ಹಾಕಿದ್ದರು. ಮತದಾನದಲ್ಲಿ ಅದು ಸೋತಿತು.

ಇನ್ನು ‘ಸಬರ್ಬ್’, ಅಂದರೆ ದೊಡ್ಡ ನಗರದ ಮಗ್ಗುಲ ವಸತಿ ಊರು. ‘ಬಡಾವಣೆ’ ಎಂದರೆ ನಮ್ಮ ಓದುಗ ಅದನ್ನು ಪಾಲಿಕೆಯ ಒಳಗಿನ ಜಾಗವೆಂದೇ ತಿಳಿಯುತ್ತಾನೆ. ಕ್ಲೀವ್‌ಲ್ಯಾಂಡಿನ ಮಗ್ಗುಲ ಶೇಕರ್ ಹೈಟ್ಸ್ ಹಾಗಲ್ಲ. ಅದರ ಆಡಳಿತ, ತೆರಿಗೆ ಎರಡೂ ಪ್ರತ್ಯೇಕ. ಹಾಗಾಗಿ ‘ಉಪನಗರ’ವೇ ಮೇಲು. ಯಲಹಂಕ, ಕೆಂಗೇರಿ ಉಪನಗರಗಳ ನೆನಪಾಗಿ, ಸರ್ಕಾರವೇ ಕಟ್ಟಿಸಿದ ಊರೆಂಬ ಭಾವ ಬರುವುದೊಂದು ತೊಡಕು. ‘ಬಡಾವಣೆ’ಯನ್ನು ‘ಸಬ್‌ಡಿವಿಷನ್’ಗೆ, ಅಂದರೆ ಜಮೀನು ಸೈಟು ಮಾಡಿ ಮಾರಿದ ತುಂಡಿಗೆ, ಮೀಸಲಿಡಬಹುದು.

ಅಷ್ಟಕ್ಕೇ ಮುಗಿಯದು. ಎರಡು ಬಗೆಯ ಉಪನಗರಗಳಿವೆ. ಟ್ರಾಮ್ ಕಾಲದಲ್ಲಿ ಮನೆಗಳು ಹಳಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇರಬೇಕಿತ್ತು. ಊರು ಹಳಿಗುಂಟ ಬೆರಳುಗಳಂತೆ ಚಾಚಿ, ನಡುವೆ ಹೊಲ ಉಳಿಯುತ್ತಿತ್ತು. 1908ರಲ್ಲಿ 850 ಡಾಲರಿದ್ದ ಫೋರ್ಡ್ ಮಾಡೆಲ್ ಟಿ 1920ರ ದಶಕದ ನಡುವೆ 260ಕ್ಕೆ ಇಳಿಯಿತು, ಆ ಹೊಲಗಳೂ ಸೈಟಾದವು. ಸೈಟಿನ ಸರಾಸರಿ ಸುಮಾರು 3,000 ಚದರಡಿಯಿಂದ 5,000ಕ್ಕೆ ಏರಿತು. ನಮ್ಮ 30x40ರ ಲೆಕ್ಕದಲ್ಲಿ ಎರಡೂವರೆ ಸೈಟಿನಿಂದ ನಾಲ್ಕಕ್ಕೂ ಹೆಚ್ಚು. ‘ಉಪನಗರ’ ಎಂದಷ್ಟೇ ಬರೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

‘ಟ್ರಾಮ್ ಉಪನಗರ’, ‘ಕಾರು ಉಪನಗರ’ ಎಂಬ ಜೋಡಿ ಕಿವಿಗೆ ಒಗ್ಗುತ್ತದೆಯೇ? ‘ಹಳಿಬದಿ ಉಪನಗರ’ ಎಂದರೆ ರೈಲೆಂದು ತಪ್ಪು ತಿಳಿದಾರೆಂಬ ಅಳುಕಿದೆ. ಬೇರೆ ಪದ ಹೊಳೆದರೆ ತಿಳಿಸಿ; ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.