ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಜೊತೆಗೆ ಕನ್ನಡ ಸಂಘದ ಸೆಕ್ರೆಟರಿ, ಅಟೆಂಡೆನ್ಸ್ ಕೈ ಕೊಡ್ತಿದೆ, ಟೈಮ್ ಹೆಂಗ್ ಹೊಂದಿಸ್ತೀರಪ್ಪ?

ಕೆಂಗೇರಿ_ಪಾಸ್:
ಎಲ್ರಿಗೂ ನಮಸ್ಕಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಕಾಲೇಜು, ಇಸಿ (ಎಲೆಕ್ಟ್ರಾನಿಕ್ಸ್), 5ನೇ ಸೆಮ್. ಮೊದ್ಲಿಂದನೂ ಕ್ಲಾಸ್ ಸಿಆರ್ ನಾನೇ, ಈ ವರ್ಷ ಕನ್ನಡ ಸಂಘದ ಸೆಕ್ರೆಟರಿನೂ ಮಾಡ್ಬಿಟ್ರು, ಚುನಾವಣೆ ಗಿನಾವಣೆ ಏನಿಲ್ಲ, ಸರ್ ಒಬ್ರು ಬಂದು "ನೀನೇ ಇರಪ್ಪ" ಅಂದ್ರು, ಮುಗೀತು. ರಾಜ್ಯೋತ್ಸವ ನವೆಂಬರ್ ಮೂರನೇ ವಾರ ಇಟ್ಕೊಂಡಿದೀವಿ, ಸೆಕೆಂಡ್ ಇಂಟರ್ನಲ್ಸ್ ಪರೀಕ್ಷೆ ಕೂಡ ಅದರ ಬೆನ್ನಿಗೇ ಬರತ್ತೆ. ಎರಡು ಸಬ್ಜೆಕ್ಟಲ್ಲಿ ಅಟೆಂಡೆನ್ಸ್ 80ಕ್ಕಿಂತ ಕೆಳಗೆ ಹೋಗಿದೆ. ಡೊಳ್ಳು ತಂಡದವ್ರಿಗೆ ಫೋನು, ಸೌಂಡ್‌ನವ್ರ ಕೊಟೇಶನ್ನು, ಪ್ರಿನ್ಸಿಪಾಲ್ ಸೈನಿಗೆ ಕ್ಯಾಬಿನ್ ಮುಂದೆ ಕಾಯೋದು, ಇದರ ಮಧ್ಯೆ ರಾತ್ರಿ ಹನ್ನೊಂದಕ್ಕೆ ಗ್ರೂಪಲ್ಲಿ "ಬ್ರೋ ನಾಳೆ ಫಸ್ಟ್ ಅವರ್ ಇದ್ಯಾ" ಅಂತ ಒಬ್ಬ, ಅದಕ್ಕೆ ನಾನು ಉತ್ತರ ಕೊಟ್ಟಮೇಲೂ ಅದನ್ನೇ ಇನ್ನೊಬ್ಬ ಕೇಳ್ತಾನೆ. ಕಾಲೇಜಿಗೆ ಹೋಗಿ ಬರೋದ್ರಲ್ಲೇ ಅರ್ಧ ಜೀವ ಹೋಗಿರತ್ತೆ, ಮನೇಲಿ ಪುಸ್ತಕ ತೆಗೆದ್ರೆ ನಿದ್ದೆ. ಸಂಘ ಬಿಡೋಕೆ ಇಷ್ಟ ಇಲ್ಲ, ನಿಜವಾಗ್ಲೂ ಖುಷಿ ಇದೆ ಅದರಲ್ಲಿ. ಎರಡೂ ನಿಭಾಯಿಸಿದೋರು ಯಾರಾದ್ರೂ ಇದ್ರೆ ಹೇಳಿ.

ಒಗ್ಗರಣೆ_ಅಕ್ಕ:
ನಾನು ಸಂಘದಲ್ಲಿ ಇದ್ದೋಳೇ, ಈಗ ಕೆಲಸಕ್ಕೆ ಸೇರಿ ವರ್ಷಗಳಾಯ್ತು. ನೀನು ಬರೆದಿರೋದು ಓದಿದ್ರೆ ನಿಂಗೆ ಟೈಮ್ ಇಲ್ಲ ಅನ್ನೋದಕ್ಕಿಂತ ಎಲ್ಲಾ ಕೆಲಸಾನೂ ನಿನ್ನ ಫೋನಲ್ಲೇ ಇದೆ ಅನ್ಸತ್ತೆ ಕಣಪ್ಪ. ಕಮಿಟೀಲಿ ಇಷ್ಟು ಜನ ಇರ್ತಾರಲ್ಲ, ಅವ್ರೇನ್ ಮಾಡ್ತಿದಾರೆ? "ಸ್ವಲ್ಪ ಹೆಲ್ಪ್ ಮಾಡ್ರೋ" ಅಂದ್ರೆ ಯಾರೂ ಮಾಡಲ್ಲ, ಒಂದು ಕೆಲಸನ ತಲೆಯಿಂದ ಬಾಲದವರೆಗೆ ಒಬ್ಬರಿಗೇ ಕೊಡ್ಬೇಕು. ಡೊಳ್ಳು ಅಂದ್ರೆ ಫೋನ್ ಮಾಡೋದು, ರೇಟ್ ಮಾತಾಡೋದು, ಅಡ್ವಾನ್ಸು, ಬಂದೋರಿಗೆ ಊಟ, ಬಟ್ಟೆ ಬದಲಾಯಿಸೋಕೆ ಒಂದು ರೂಮು, ವಾಪಸ್ ಕಳ್ಸೋದು, ಎಲ್ಲಾ ಅವನದೇ. ದುಡ್ಡಿನ ಲಿಮಿಟ್ ಮಾತ್ರ ನೀನು ಹೇಳು. ನಮ್ಮ ಕಾಲದಲ್ಲಿ ಫಸ್ಟ್ ಇಯರ್ ಹುಡುಗಿ ಒಬ್ಳು, ಮೀಟಿಂಗಲ್ಲಿ ಬಾಯೇ ಬಿಡ್ತಿರ್ಲಿಲ್ಲ, ಅವಳಿಗೆ ಊಟದ ಕೂಪನ್ ಕೊಟ್ವಿ. ಡಿಪಾರ್ಟ್‌ಮೆಂಟಿಗೊಂದು ಬಣ್ಣದ ಚೀಟಿ, ಹಿಂದೆ ಸಂಘದ ಸೀಲು, ಯಾರಿಗೆ ಎಷ್ಟು ಕೊಟ್ಲು ಅಂತ ಒಂದು ನೋಟ್‌ಬುಕ್ಕು. ಒಬ್ಬನೂ ಎರಡು ಸಲ ಹೋಳಿಗೆ ಹೊಡೆಯೋಕೆ ಆಗ್ಲಿಲ್ಲ ಅವತ್ತು!!

ಇನ್ನೊಂದು, ಸಂಜೆ ನಿಂತು ಮಾಡೋ ಕೆಲಸ ಹಾಸ್ಟೆಲ್‌ನೋರಿಗೆ ಕೊಡು, ದೂರದಿಂದ ಬರೋರಿಗೆ ಫೋನ್ ಕೆಲಸ, ಸ್ಕ್ರಿಪ್ಟ್ ಬರೆಯೋ ಕೆಲಸ ಕೊಡು.

ಚಾಕ್‌ಪೀಸ್:
ನಾನು ಪಾಠ ಮಾಡೋನು, ಅಟೆಂಡೆನ್ಸ್ ಬಗ್ಗೆ ಮಾತ್ರ ಹೇಳ್ತೀನಿ. ವಿಟಿಯುಲಿ ಪ್ರತಿ ಸಬ್ಜೆಕ್ಟಿಗೂ 85% ಬೇಕು. ತಕ್ಕ ಕಾರಣ ಇದ್ರೆ 10% ವರೆಗೆ ಮಾಫಿ ಸಿಗಬಹುದು, ಆದ್ರೆ ತುಂಬಾ ಹುಡುಗರು 75 ಇದ್ರೆ ಸಾಕು ಅಂತ್ಲೇ ಲೆಕ್ಕ ಹಾಕ್ಕೊಂಡಿರ್ತಾರೆ, ಅದು ಕೇಳಿ ಪಡೆಯೋದು, ತಾನಾಗೇ ಸಿಗೋದಲ್ಲ. ಪೆನ್ನು ಹಿಡ್ಕೊಂಡು ನೋಡಪ್ಪ: ಒಂದು ಸಬ್ಜೆಕ್ಟಿಗೆ 40 ಕ್ಲಾಸ್ ಅಂತಿಟ್ಕೋ, 34 ಬೇಕು. 30 ಆಗಿ ನೀನು 23 ಕೂತಿದ್ರೆ, ಉಳಿದ ಹತ್ತಕ್ಕೆ ಹತ್ತೂ ಬಂದ್ರೂ 33 ಅಷ್ಟೇ. ಅಂದ್ರೆ ಇವತ್ತಿಂದ ಒಂದೂ ಬಿಡದೆ ಬಂದ್ರೂ 85 ಮುಟ್ಟಲ್ಲ. ನಿನ್ನ ನಿಜವಾದ ನಂಬರ್ ಹಾಕಿ ಈ ಲೆಕ್ಕ ಇವತ್ತೇ ಮಾಡು. ಓಡಿ ಲೆಟರನ್ನ (ಕಾರ್ಯಕ್ರಮದ ಕೆಲಸಕ್ಕೆ ಕ್ಲಾಸ್ ತಪ್ಪಿದ್ದಕ್ಕೆ ಕೊಡೋ 'ಆನ್ ಡ್ಯೂಟಿ' ಪತ್ರ) ಕಾರ್ಯಕ್ರಮಕ್ಕೆ ಮುಂಚೆನೇ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ರ ಸೈನ್ ಮಾಡಿಸ್ಕೋ, ಮುಗಿದ್ಮೇಲೆ ಹೋದ್ರೆ ನಾವೂ ಗೊಣಗ್ತೀವಿ. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲಿಂಗ್ಡೋ ಸಮಿತಿ ಶಿಫಾರಸಲ್ಲಿ, ವಿದ್ಯಾರ್ಥಿ ಚುನಾವಣೆಗೆ ನಿಲ್ಲೋನಿಗೆ ಆ ವರ್ಷ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಸಬ್ಜೆಕ್ಟು) ಇರಬಾರದು ಅಂತಿದೆ. ನಿಮ್ಮಲ್ಲಿ ಚುನಾವಣೆ ಇಲ್ದಿದ್ರೂ ಅದರ ಹಿಂದಿನ ಯೋಚನೆ ಸರಿಯಾಗೇ ಇದೆ.

ಪುಳಿಯೋಗರೆ77:
ಪೊಮೊಡೊರೊ ಟ್ರೈ ಮಾಡಿ ಬ್ರೋ, 25 ನಿಮಿಷ ಓದು 5 ನಿಮಿಷ ಬ್ರೇಕ್, ಸಖತ್ ವರ್ಕ್ ಆಗತ್ತೆ.

ಮಸಾಲೆ_ಮಂಡಕ್ಕಿ:
@ಪುಳಿಯೋಗರೆ77 ಗುರು, 25 ನಿಮಿಷದಲ್ಲಿ ಅವನಿಗೆ ನಾಲ್ಕು ಕಾಲ್ ಬಂದಿರತ್ತೆ 😂

ನಂದು ಬೇರೆ ಅಭಿಪ್ರಾಯ. ಅಕ್ಕ ಹೇಳಿದ್ದು ಸರಿ, ಆದ್ರೆ ಎರಡು ಪೋಸ್ಟ್ ಯಾಕೆ ಮಗಾ? ಸಿಆರ್‌ಶಿಪ್ ಬೇರೆಯವ್ರಿಗೆ ಕೊಡು. ಆ ಕೆಲಸದಲ್ಲಿ ಮುಕ್ಕಾಲು ಭಾಗ ಮೆಸೇಜ್ ಫಾರ್ವರ್ಡ್ ಮಾಡೋದೇ ತಾನೆ, ಅದರಲ್ಲಿ ಏನ್ ಲೀಡರ್‌ಶಿಪ್ ಕಲೀತಿಯಾ? "ನಾನಿಲ್ದಿದ್ರೆ ನಡೆಯಲ್ಲ" ಅನ್ನೋದು ಒಂಥರಾ ಮಜಾ ಕೊಡತ್ತೆ, ಅದಕ್ಕೇ ಯಾರೂ ಬಿಡಲ್ಲ.

ಕೆಂಗೇರಿ_ಪಾಸ್:
@ಚಾಕ್‌ಪೀಸ್ ಸರ್, ಲೆಕ್ಕ ಹಾಕ್ದೆ. ಒಂದರಲ್ಲಿ ಎಲ್ಲಾ ಕ್ಲಾಸ್ ಕೂತ್ರೆ 85 ದಾಟತ್ತೆ, ಇನ್ನೊಂದರಲ್ಲಿ ಆಗಲ್ಲ, ನಾಳೆನೇ ಎಚ್‌ಒಡಿ ಹತ್ರ ಹೋಗ್ತೀನಿ. @ಮಸಾಲೆ_ಮಂಡಕ್ಕಿ ಸಿಆರ್ ಬಗ್ಗೆ ಕ್ಲಾಸ್ ಟೀಚರ್ ಹತ್ರ ಮಾತಾಡ್ತೀನಿ, ಬೆಂಚ್‌ಮೇಟ್ ಒಬ್ಳು ರೆಡಿ ಇದಾಳೆ.
ಅಕ್ಕ, ಡೊಳ್ಳು ಪೂರ್ತಿ ಹಾಸ್ಟೆಲ್ ಹುಡುಗನಿಗೆ ಕೊಡ್ತೀನಿ, ಆದ್ರೆ ಸರ್‌ಗಳು ಯಾವ ವಿಷ್ಯಕ್ಕೂ ನಂಗೇ ಫೋನ್ ಮಾಡ್ತಾರೆ, ಅದಕ್ಕೇನ್ ಮಾಡ್ಲಿ?

ಒಗ್ಗರಣೆ_ಅಕ್ಕ:
ಆ ಹುಡುಗನ್ನ ಒಂದ್ಸಲ ಸರ್ ಕ್ಯಾಬಿನ್‌ಗೆ ಕರ್ಕೊಂಡು ಹೋಗು, "ಡೊಳ್ಳು ಇವನು ನೋಡ್ಕೋತಾನೆ ಸರ್" ಅಂತ ಅವನ ಎದುರಿಗೇ ಹೇಳಿ ನಂಬರ್ ಸೇವ್ ಮಾಡಿಸು. ಆಮೇಲೂ ನಿಂಗೆ ಫೋನ್ ಬಂದ್ರೆ ಉತ್ತರ ಕೊಡೋಕೆ ಹೋಗ್ಬೇಡ, "ಅವನಿಗೆ ಹೇಳಿ ಮಾಡಿಸ್ತೀನಿ ಸರ್" ಅನ್ನು. ಒಂದೆರಡು ಸಲ ಕಿರಿಕ್ ಮಾಡ್ಕೋತಾರೆ, ಆಮೇಲೆ ಅವನಿಗೇ ಮಾಡ್ತಾರೆ. ಅದಿರ್ಲಿ, ತಂಡಕ್ಕೆ ಅಡ್ವಾನ್ಸ್ ಕೊಟ್ಟಿದೀರಾ ಇಲ್ವಾ? ಬೆಂಗಳೂರಲ್ಲಿ ನವೆಂಬರ್ ಪೂರ್ತಿ ರಾಜ್ಯೋತ್ಸವನೇ, ಗಲ್ಲಿಗೊಂದು ಕಾರ್ಯಕ್ರಮ, ಬಾಯಿಮಾತಲ್ಲಿ ಬುಕ್ ಮಾಡಿದ್ರೆ ಹಿಂದಿನ ದಿನ ಕೈ ಎತ್ತುತಾರೆ.