ಹಿತ್ತಲಲ್ಲಿ ದತ್ತೂರಿ, ಎಕ್ಕಿ, ಗುಲಗಂಜಿ ಇವೆ, ಮನೆಯಲ್ಲಿ ಸಣ್ಣ ಕೂಸಿದೆ: ಕೀಳಬೇಕಾ, ಇಡಬೇಕಾ?

ಮುಧೋಳದ ಸೊಸೆ:
ಎಲ್ಲರಿಗೂ ನಮಸ್ಕಾರ. ಮುಧೋಳದ ಹತ್ತಿರ ಹಳ್ಳಿ ನಮ್ಮದು. ಹಿತ್ತಲಲ್ಲಿ ಎಕ್ಕಿ ಗಿಡ, ದತ್ತೂರಿ, ಹಳದಿ ಕಣಗಿಲೆ ಇವೆ, ಬೇಲಿ ಮೇಲೆ ಗುಲಗಂಜಿ ಬಳ್ಳಿ ಹಬ್ಬಿದೆ. ನಮ್ಮ ಅತ್ತೆ ಮೊಣಕಾಲು ನೋವಿಗೆ ಎಕ್ಕಿ ಎಲೆಗೆ ಔಡಲ ಎಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಟ್ಟಿಕೊಳ್ಳುತ್ತಾರೆ. ಆರಾಮ ಅನ್ನುತ್ತಾರೆ, ನಾನೂ ಬೇಡ ಅಂದಿಲ್ಲ. ಶನಿವಾರ ಹಣಮಂತ ದೇವರಿಗೆ ಎಲೆ ಹಾರ ಹೋಗುವುದೂ ಇದೇ ಗಿಡದಿಂದ.

ಈಗ ಎರಡು ಚಿಂತೆ. ಮಗಳು ನಡೆಯೋಕೆ ಶುರು ಮಾಡಿದ್ದಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಇನ್ನೊಂದು, ಮಾವನವರಿಗೆ ದಮ್ಮು ಇದೆ. ಒಣಗಿದ ದತ್ತೂರಿ ಎಲೆ ಸೇದಿ, ಬೀಜ ಬೆಲ್ಲದಲ್ಲಿ ಇಟ್ಟು ನುಂಗಿದರೆ ಕಫ ಕರಗುತ್ತದೆ ಅಂತ ಓಣಿಯ ಹಿರಿಯರೊಬ್ಬರು ಹೇಳಿದ್ದಾರೆ, ಮಾವ ಅರ್ಧ ಒಪ್ಪಿದ್ದಾರೆ. ಅವರಿಗೆ ವಯಸ್ಸು 70 ದಾಟಿದೆ, ಪ್ರಾಸ್ಟೇಟ್ ಮಾತ್ರೆಯೂ ನಡೆದಿದೆ. ನಮ್ಮ ಯಜಮಾನರು ಎಲ್ಲ ಗಿಡ ಕಿತ್ತು ಹಾಕೋಣ ಅಂತಾರೆ, ಅತ್ತೆ ಹಿರಿಯರ ಕಾಲದ ಔಷಧಿ ಗಿಡ, ಕೀಳಬೇಡಿ ಅಂತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಆಯುರ್ವೇದ ವೈದ್ಯ, ವಿಜಯಪುರ:
ತಂಗಿ, ಮೊದಲು ಮಾವನವರನ್ನು ತಡೆಯಿರಿ. ದತ್ತೂರಿ ಅವರಿಗೆ ಬೇಡವೇ ಬೇಡ. ಅದರಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್ ಜಾತಿಯ ಅಂಶಗಳಿವೆ. ಅವು ಶ್ವಾಸನಾಳವನ್ನು ಸಡಿಲ ಮಾಡುತ್ತವೆ ಅನ್ನುವುದು ನಿಜ. ಆದರೆ ಅದೇ ಹೊತ್ತಿಗೆ ಬಾಯಿ ಒಣಗುತ್ತದೆ, ಎದೆ ಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರ ಕಟ್ಟುತ್ತದೆ. ಪ್ರಾಸ್ಟೇಟ್ ಇದ್ದವರಿಗೆ ಪೂರ್ತಿ ಕಟ್ಟಿಬಿಟ್ಟರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಓಣಿಯ ಹಿರಿಯರು ಸುಮ್ನೆ ಹೇಳಿದ್ದಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ದಮ್ಮಿಗೆ ದತ್ತೂರಿ ಸೇದುವುದು ನಮ್ಮ ದೇಶದ ಹಳೆಯ ಪದ್ಧತಿ. 1800ರ ಸುಮಾರಿಗೆ ಬ್ರಿಟಿಷರು ಇದನ್ನು ಇಲ್ಲಿ ಕಲಿತು ತಮ್ಮ ದೇಶಕ್ಕೆ ಒಯ್ದರು, ಅಲ್ಲಿ ದತ್ತೂರಿ ಸಿಗರೇಟು ಬಹಳ ಕಾಲ ಮಾರಾಟವಾಯಿತು. ಇವತ್ತು ದಮ್ಮಿಗೆ ಕೊಡುವ ಇಪ್ರಾಟ್ರೋಪಿಯಂ ಅನ್ನುವ ಔಷಧಿಯೂ ಅಟ್ರೋಪಿನ್ ಮನೆತನದ್ದೇ. ಆದರೆ ಇನ್ಹೇಲರ್ ಒಂದು ಸಲ ಒತ್ತಿದರೆ ಎಷ್ಟು ಬರುತ್ತದೆ ಅನ್ನುವುದು ಗೊತ್ತಿರುತ್ತದೆ, ಬಹುಪಾಲು ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ಹಿತ್ತಲ ಗಿಡಕ್ಕೆ ಆ ಲೆಕ್ಕ ಇಲ್ಲ. ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಅಂಶ ಬೇರೆ ಬೇರೆ. ಹೋದ ವರ್ಷ ಯಾರಿಗೋ ಏನೂ ಆಗಲಿಲ್ಲ ಅನ್ನುವುದರ ಮೇಲೆ ಈ ವರ್ಷ ಭರವಸೆ ಇಡೋಕಾಗಲ್ಲ.

ಶಾಸ್ತ್ರದಲ್ಲಿ ದತ್ತೂರಿ ಇದೆಯಲ್ಲ ಅಂತ ನನ್ನನ್ನೂ ಬಹಳ ಜನ ಕೇಳುತ್ತಾರೆ. ಇದೆ, ಶೋಧನೆ, ಅಂದರೆ ವಿಷ ಇಳಿಸುವ ಸಂಸ್ಕಾರ ಮಾಡಿದ ಮೇಲೆ. ಕಾಸರಕ ಬೀಜ ತೆಗೆದುಕೊಳ್ಳಿ, ಅದರಲ್ಲಿ ಸ್ಟ್ರಿಕ್ನಿನ್ ಇದೆ, ಮೈಯೆಲ್ಲ ಸೆಟೆದು ಉಸಿರು ನಿಲ್ಲಿಸುವ ವಿಷ. ಅದನ್ನು ದಿನಗಟ್ಟಲೆ ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ತುಪ್ಪದಲ್ಲಿ ಹುರಿದ ಮೇಲೆಯೇ ಔಷಧಿಗೆ ಹಾಕುವುದು, ಅದೂ ಚೂರೇ ಚೂರು. ಸರ್ಕಾರದ 1945ರ ಔಷಧ ನಿಯಮಗಳಲ್ಲಿ ಅನುಸೂಚಿ ಇ(1) ಅಂತ ಒಂದು ಪಟ್ಟಿ ಇದೆ. ಎಕ್ಕಿ, ದತ್ತೂರಿ, ಗುಲಗಂಜಿ, ಕಣಗಿಲೆ, ಕಾಸರಕ ಎಲ್ಲ ಅದರಲ್ಲಿವೆ. ಇವು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಆಯುರ್ವೇದ ಔಷಧಿಯ ಡಬ್ಬಿ ಮೇಲೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಿ ಅಂತ ಅಚ್ಚು ಹಾಕಲೇಬೇಕು. ಕಲಿತವರಿಗೇ ಇಷ್ಟು ಕಟ್ಟು ಇರುವಾಗ ಬೆಲ್ಲದಲ್ಲಿ ಬೀಜ ಇಟ್ಟು ನುಂಗುವುದು ಹೇಗೆ ಸರಿಯಾಗುತ್ತದೆ?

ಅತ್ತೆಯವರ ಎಕ್ಕಿ ಎಲೆ ಪಟ್ಟು ನಡೆಯಲಿ. ಗಾಯ, ತುರಿಕೆ ಇರುವ ಕಡೆ ಕಟ್ಟಬಾರದು. ಎಲೆ ಕಿತ್ತಾಗ ಬರುವ ಹಾಲನ್ನು ಪೂರ್ತಿ ಒರೆಸಬೇಕು, ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಖಾನಾಪುರದ ಕಾಡಂಚಿನವ:
ಡಾಕ್ಟರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಬೇಲಿ ಮೇಲೆ ಅಗ್ನಿಶಿಖೆ ಬಳ್ಳಿ ಹೂ ಬಿಡುತ್ತದೆ, ಕೆಂಪು ಹಳದಿ, ಬೆಂಕಿ ಹತ್ತಿದ ಹಾಗೆ. ಅದರಲ್ಲಿರುವ ಕೊಲ್ಚಿಸಿನ್ ಗೌಟ್ ಅನ್ನುವ ಸಂಧಿನೋವಿಗೆ ಡಾಕ್ಟರು ಬರೆಯುವ ಮಾತ್ರೆ. ಗಡ್ಡೆ ಮಾತ್ರ ತಿನ್ನುವ ಗೆಣಸಿನ ಜಾತಿ ಅಂತ ಕಣ್ಣಿಗೆ ಮೋಸ ಮಾಡುತ್ತದೆ. ಬೇಯಿಸಿದರೂ ವಿಷ ಹೋಗಲ್ಲ. ಕಾಡಿನಿಂದ ತಂದ ಗಡ್ಡೆ ಯಾವುದು ಅಂತ ಖಾತ್ರಿ ಇಲ್ಲದೆ ಒಲೆ ಮೇಲೆ ಇಡಬೇಡಿ.

ದ್ರಾಕ್ಷಿ ತೋಟ, ತಿಕೋಟಾ:
ನಮ್ಮ ತೋಟದಲ್ಲಿ ಔಷಧಿ ಹೊಡೆಯುವ ಹುಡುಗನಿಗೆ ಒಮ್ಮೆ ಕೀಟನಾಶಕ ಏರಿತ್ತು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಪಾಪೆ ಸೂಜಿ ಮೊನೆಯಷ್ಟು. ದವಾಖಾನೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿದರು, ಆ ಡಾಕ್ಟರ ಋಣ ನಮ್ಮ ಮೇಲಿದೆ. ರಾತ್ರಿ ಅವನು ಬಡಬಡಿಸೋಕೆ, ಗಾಳಿಯಲ್ಲಿ ಏನೋ ಹಿಡಿಯೋಕೆ ಶುರು ಮಾಡಿದ. ನೋಡಲು ಬಂದಿದ್ದ ನಮ್ಮ ಕಾಕಾ, ಇದು ದತ್ತೂರಿ ತಿಂದವರ ಹಾಗೆ ಐತಲ್ಲ ಅಂದರು. ಈಗ ಅರ್ಥ ಆಯಿತು. ಹಾಗಾದರೆ ದವಾಖಾನೆ ದೂರ ಇದ್ದಾಗ ದತ್ತೂರಿ ರಸ ಕುಡಿಸಿದರೆ ಉಪಯೋಗ ಆಗುತ್ತದಾ? ಊರಲ್ಲಿ ಕೆಲವರು ಹಾಗೆ ಅಂತಾರೆ.

ಸಿಸ್ಟರ್, ಬಾಗಲಕೋಟೆ:
ಅಣ್ಣಾ, ಆಗಲ್ಲ, ದಯವಿಟ್ಟು ಯಾರಿಗೂ ಕುಡಿಸಬೇಡಿ. ನಿಮ್ಮ ಕಾಕಾ ನೋಡಿದ್ದು ಸರಿ, ಅಟ್ರೋಪಿನ್ ಮೇಲಾದಾಗ ರೋಗಿ ಹಾಗೇ ಆಡುತ್ತಾನೆ. ನಾವು ವಾರ್ಡಿನಲ್ಲಿ ಎದೆಯಲ್ಲಿ ನೀರಿನ ಸದ್ದು ನಿಂತಿತಾ, ನಾಡಿ ಎಷ್ಟು, ಬಿಪಿ ಎಷ್ಟು ಅಂತ ಮತ್ತೆ ಮತ್ತೆ ನೋಡಿ ಪ್ರಮಾಣ ಏರಿಸುತ್ತೇವೆ, ಇಳಿಸುತ್ತೇವೆ. ಎಚ್ಚರ ತಪ್ಪುತ್ತಿರುವವನ ಬಾಯಿಗೆ ಯಾವ ರಸ ಹಾಕಿದರೂ ಶ್ವಾಸನಾಳಕ್ಕೆ ಹೋಗುತ್ತದೆ. ಔಷಧಿ ಬಿದ್ದ ಬಟ್ಟೆ ಬಿಚ್ಚಿ, ಮೈಗೆ ಸೋಪು ಹಚ್ಚಿ ತೊಳೆದು, 108ಕ್ಕೆ ಫೋನ್ ಮಾಡಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ.

ಮುಧೋಳದ ಅಕ್ಕಾ, ನಿಮ್ಮ ಕೂಸಿನ ವಿಷಯ. ನನಗೆ ಜಾಸ್ತಿ ಹೆದರಿಕೆ ಹಳದಿ ಕಣಗಿಲೆಯದು. ಅದರ ಬೀಜ ನೇರವಾಗಿ ಹೃದಯದ ಬಡಿತ ಕೆಡಿಸುತ್ತದೆ. ಇದೇ ಬಗೆಯ ಅಂಶ ಡಿಜಿಟಾಲಿಸ್ ಅನ್ನುವ ಯುರೋಪಿನ ಗಿಡದಲ್ಲೂ ಇದೆ. ವಿಲಿಯಂ ವಿದರಿಂಗ್ ಅನ್ನುವ ಇಂಗ್ಲಿಷ್ ವೈದ್ಯರು 1785ರಲ್ಲಿ ಅದರ ಔಷಧಿ ಗುಣ ಬರೆದಿಟ್ಟರು, ಅದರಿಂದ ಬಂದ ಡಿಗಾಕ್ಸಿನ್ ಮಾತ್ರೆ ಇವತ್ತಿಗೂ ಹೃದಯಕ್ಕೆ ಕೊಡುತ್ತೇವೆ. ಆ ಮಾತ್ರೆ ಕೊಡುವ ಮೊದಲೂ ನಾಡಿ ನೋಡುತ್ತೇವೆ, ಅಷ್ಟು ಸೂಕ್ಷ್ಮ. ಕಣಗಿಲೆಯಿಂದ ಮನೆಮದ್ದು ಯಾವುದೂ ಬೇಡ.

ಗುಲಗಂಜಿ ಇಡಿಯಾಗಿ ನುಂಗಿದರೆ ಸಿಪ್ಪೆ ಗಟ್ಟಿ ಇರುವುದರಿಂದ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ. ಅಗಿದರೆ, ಅಥವಾ ಸರಕ್ಕೆ ಪೋಣಿಸೋಕೆ ತೂತು ಮಾಡಿದ ಬೀಜ ಆದರೆ, ಒಳಗಿನ ಅಬ್ರಿನ್ ಬಿಡುಗಡೆ ಆಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಲಕ್ಷಣ ತಡವಾಗಿ ಬರಬಹುದು, ಮಗು ಆಡುತ್ತಿದೆ ಅಂತ ಮನೆಯಲ್ಲಿ ಕೂರಬೇಡಿ. ಇವುಗಳಲ್ಲಿ ಯಾವುದೇ ಬಾಯಿಗೆ ಹೋಗಿರಬಹುದು ಅಂತ ಅನುಮಾನ ಬಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಗಿಡದ ಒಂದು ತುಂಡು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬನ್ನಿ.

ಎಕ್ಕಿ ಹಾಲು ಕಣ್ಣಿಗೆ ಸಿಡಿದರೆ ಇನ್ನೊಂದು ಮೋಸ ಇದೆ. ಎಷ್ಟೋ ಸಲ ಹೆಚ್ಚು ನೋವೇ ಇರಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ಹಾರ ಕಟ್ಟುವವರಿಗೆ ಇದನ್ನು ತಪ್ಪದೆ ಹೇಳಿ. ಕಾಲು ಗಂಟೆಯಾದರೂ ಶುದ್ಧ ನೀರು ಬಿಡುತ್ತಾ ಕಣ್ಣು ತೊಳೆದು ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಮುಧೋಳದ ಸೊಸೆ:
ಎಲ್ಲರಿಗೂ ಬಹಳ ಉಪಕಾರ ಆಯಿತು. ಮೂತ್ರ ಕಟ್ಟುವ ಮಾತು ಓದಿ ಹೇಳಿದ ಮೇಲೆ ಮಾವ ತಾವೇ ದತ್ತೂರಿ ಬೇಡ ಅಂದರು, ಇನ್ಹೇಲರ್ ಬಗ್ಗೆ ಕೇಳೋಕೆ ಡಾಕ್ಟರ ಹತ್ತಿರ ಹೋಗುತ್ತೇವೆ. ಅತ್ತೆ ಎಕ್ಕಿ ಒಂದು ಇರಲಿ ಅಂದಿದ್ದಾರೆ, ಹೊಲದ ಬದುವಿನಲ್ಲೂ ಅದು ಇದೆ, ಅಲ್ಲಿಂದಲೇ ತಂದುಕೊಳ್ಳುತ್ತಾರೆ. ಹಿತ್ತಲಲ್ಲಿರುವುದನ್ನೆಲ್ಲ ತೆಗೆಸುತ್ತೇವೆ. ಕಿತ್ತಿದ್ದನ್ನು ಸುಡಬಹುದಾ?

ದ್ರಾಕ್ಷಿ ತೋಟ, ತಿಕೋಟಾ:
ಸುಡಬೇಡಿ ತಂಗಿ, ಕಣಗಿಲೆಯ ಹೊಗೆಯೂ ಕೆಟ್ಟದ್ದು. ದನ ಹೋಗದ ಜಾಗದಲ್ಲಿ ಆಳವಾದ ಗುಂಡಿ ತೋಡಿ ಹೂಳಿಸಿ. ಬೇಲಿ ಬುಡದಲ್ಲಿ ಉದುರಿದ ಗುಲಗಂಜಿ ಆರಿಸಿ ತೆಗೆಯಿರಿ, ಮಳೆ ಬಿದ್ದರೆ ಮತ್ತೆ ಹುಟ್ಟುತ್ತದೆ. ಔಡಲ ಹಿಂಡಿ ಮನೆಯಲ್ಲಿದ್ದರೆ ಅದನ್ನೂ ನಾಯಿ, ದನಕ್ಕೆ ಸಿಗದ ಹಾಗೆ ಇಡಿ. ಎಣ್ಣೆಗೆ ಬಾರದ ವಿಷ ಹಿಂಡಿಯಲ್ಲಿ ಉಳಿದಿರುತ್ತದೆ.