ಪುಟ್ಟಿಯ ಸಾಫ್ಟ್‌ಬಾಲ್ ಟ್ರೈಔಟ್‌ಗೆ ಉಳಿದಿರುವ ಮೂರು ವಾರ

ತಮ್ಮಾ, ಪುಟ್ಟಿ ಈ ಸಲ ಹನ್ನೆರಡು ವರ್ಷದೊಳಗಿನವರ ಟ್ರಾವೆಲ್ ಸಾಫ್ಟ್‌ಬಾಲ್ ತಂಡದ (ಬೇಸ್‌ಬಾಲ್‌ನಂಥ ಈ ಆಟವನ್ನು ಬೇರೆ ಊರುಗಳಿಗೂ ಹೋಗಿ ಆಡುವ ತಂಡ) ಟ್ರೈಔಟ್‌ಗೆ, ಅಂದರೆ ಆಯ್ಕೆ ಪರೀಕ್ಷೆಗೆ, ಹೋಗುತ್ತಾಳೆ, ಇನ್ನು ಮೂರೇ ವಾರ ಉಳಿದಿದೆ, ದಿನಾ ಬ್ಯಾಟಿಂಗ್ ಕೇಜ್‌ಗೆ (ಬಲೆ ಕಟ್ಟಿದ ಬ್ಯಾಟಿಂಗ್ ಅಭ್ಯಾಸದ ಜಾಗಕ್ಕೆ) ಕರೆದುಕೊಂಡು ಹೋದರೆ ಸಾಕೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ನನ್ನ ಮಗಳ ಜೊತೆ ಎರಡು ವರ್ಷ ಇದೇ ದಾರಿಯಲ್ಲಿ ಓಡಾಡಿದವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮನೆಯಲ್ಲಿ ಇಬ್ಬರೂ ಕೂತು ಕೇಳಿ.

ಈ ಮೂರು ವಾರವನ್ನು ಬ್ಯಾಟಿಗಿಂತ ಹೆಚ್ಚಾಗಿ ಎಸೆತಕ್ಕೆ ಕೊಡು. ಟ್ರೈಔಟ್ ದಿನ ಒಂದೊಂದು ಮಗುವಿಗೆ ಹೊಡೆಯಲು ಸಿಗುವುದು ಕೆಲವೇ ಚೆಂಡುಗಳು. ಆದರೆ ವಾರ್ಮ್‌ಅಪ್‌ನಿಂದ ಹಿಡಿದು ಕೊನೆಯವರೆಗೂ ಅವಳು ಹಿಡಿಯುತ್ತ, ಎಸೆಯುತ್ತಲೇ ಇರುತ್ತಾಳೆ, ಬೆನ್ನಿನ ಮೇಲಿನ ಸಂಖ್ಯೆಯನ್ನು ನೋಡಿ ಕೋಚ್‌ಗಳು ಬರೆದುಕೊಳ್ಳುವುದೂ ಆಗಿನಿಂದಲೇ ಆರಂಭವಾಗುತ್ತದೆ. ಕಳೆದ ವರ್ಷದವರೆಗೆ ಅವಳು ಆಡಿದ್ದು 11 ಅಂಗುಲ ಸುತ್ತಳತೆಯ ಚೆಂಡಿನಲ್ಲಿ. ಈಗ ಅದು 12 ಅಂಗುಲ, ಪಿಚರ್ (ಬ್ಯಾಟ್ ಮಾಡುವವಳಿಗೆ ಚೆಂಡೆಸೆಯುವವಳು) ನಿಲ್ಲುವ ದೂರವೂ 35 ಅಡಿಯಿಂದ 40 ಅಡಿಗೆ ಹೋಗುತ್ತದೆ. ಪುಟ್ಟ ಕೈಗೆ ಆ ಒಂದು ಅಂಗುಲ ಸಣ್ಣ ವ್ಯತ್ಯಾಸವಲ್ಲ. ಚೆಂಡನ್ನು ಅಂಗೈಯಲ್ಲಿ ಅದುಮಿಕೊಳ್ಳದೆ, ಹೊಲಿಗೆಯ ಮೇಲೆ ಮೂರು ಬೆರಳಿಟ್ಟು ಬೆರಳ ತುದಿಗಳಿಂದ ಬಿಡುವುದನ್ನು ಅಭ್ಯಾಸ ಮಾಡಿಸು. ಗ್ಲೌವ್ ತೊಟ್ಟ ಕೈಯ ಭುಜ ಗುರಿಯ ಕಡೆಗಿರಲಿ, ಹೆಜ್ಜೆಯೂ ಅದೇ ನೇರಕ್ಕೆ ಬೀಳಲಿ.

ನಿಮ್ಮ ಹಿತ್ತಿಲಿನಲ್ಲಿ ಅವಳು ನಿನ್ನ ಜೊತೆ ಕ್ರಿಕೆಟ್ ಆಡಿಯೇ ಬೆಳೆದವಳು. ಅದರಿಂದ ಅವಳ ಕಣ್ಣು ಚುರುಕಾಗಿದೆ, ಚೆಂಡಿನ ಭಯವಿಲ್ಲ. ಅದು ನಿಜವಾಗಿಯೂ ದೊಡ್ಡ ಆಸ್ತಿ. ಆದರೆ ಕೆಲವು ಅಭ್ಯಾಸಗಳನ್ನು ಬಿಡಿಸಬೇಕು. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ನಾವು ಮೊಣಕಾಲೂರಿ ಅಡ್ಡ ಕೂರುತ್ತೇವೆ. ಇಲ್ಲಿ ಹೊಡೆದವಳು ಓಡಿ ಮುಟ್ಟಬೇಕಾದ ಮೊದಲ ಬೇಸ್ 60 ಅಡಿ ದೂರದಲ್ಲಷ್ಟೇ ಇರುವುದರಿಂದ ಅವಳು ಎದ್ದು ನಿಲ್ಲುವಷ್ಟರಲ್ಲಿ ಓಡುವವಳು ತಲುಪಿರುತ್ತಾಳೆ. ಕಾಲು ಅಗಲಿಸಿ, ಸೊಂಟ ಇಳಿಸಿ, ಚೆಂಡನ್ನು ದೇಹದ ಮುಂದೆಯೇ ಎತ್ತಿಕೊಂಡು, ಗ್ಲೌವ್‌ನಿಂದ ಎಸೆಯುವ ಕೈಗೆ ಬೇಗ ವರ್ಗಾಯಿಸುವುದನ್ನು ಗೋಡೆಗೆ ಚೆಂಡೆಸೆದು ದಿನಕ್ಕೆ ಹತ್ತು ನಿಮಿಷ ಮಾಡಿದರೂ ಸಾಕು. ಹೊಡೆದ ಮೇಲೆ ಬ್ಯಾಟನ್ನು ಹಿಡಿದುಕೊಂಡೇ ಓಡಬಾರದು, ಮೊದಲ ಬೇಸಿನ ಹತ್ತಿರ ವೇಗ ತಗ್ಗಿಸಲೂಬಾರದು. ಅದನ್ನು ತುಳಿದು ನೇರವಾಗಿ ದಾಟಿ ಓಡಲು ನಿಯಮವೇ ಅವಕಾಶ ಕೊಡುತ್ತದೆ, ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಮಾತ್ರ ದಾಟಿಹೋದರೆ ಟ್ಯಾಗ್ ಮಾಡಿ, ಅಂದರೆ ಚೆಂಡು ಹಿಡಿದ ಕೈಯಿಂದ ಮುಟ್ಟಿ, ಔಟ್ ಮಾಡಬಹುದು. ಎತ್ತರಕ್ಕೆ ಹೋದ ಚೆಂಡಿಗೆ ಮೊದಲ ಹೆಜ್ಜೆ ಹಿಂದಕ್ಕಿರಲಿ, ಮುಂದೆ ಬರುವುದು ಸುಲಭ.

ಬ್ಯಾಟಿಂಗ್ ಬೇಡವೆನ್ನುತ್ತಿಲ್ಲ, ವಾರಕ್ಕೆರಡು ದಿನ ಸಾಕು. ನಾನು ಮೊದಲ ವರ್ಷ ಮಗಳನ್ನು ದಿನವೂ ಕೇಜ್‌ಗೆ ಕರೆದೊಯ್ದು, ಅಂಗೈಯಲ್ಲಿ ಬೊಬ್ಬೆಗಳಿದ್ದ ಹುಡುಗಿಯನ್ನು ಟ್ರೈಔಟ್‌ಗೆ ನಿಲ್ಲಿಸಿದೆ. ಅದೂ ಸಾಲದೆಂದು ಹಿಂದಿನ ವಾರ ಹೊಸ ಗ್ಲೌವ್ ಕೊಡಿಸಿದ್ದೆ, ಅದರ ತೊಗಲು ಇನ್ನೂ ಮೆತ್ತಗಾಗದೆ ಚೆಂಡು ಪುಟಿದು ಹೊರಬೀಳುತ್ತಿತ್ತು. ಅವಳು ಅಂದು ಕಾರಿನಲ್ಲಿ ಮಾತಾಡದೆ ಕುಳಿತಿದ್ದನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ಹಾಗಾಗಿ ಪುಟ್ಟಿಗೆ ಹಳೆಯ ಗ್ಲೌವೇ ಇರಲಿ.

ಮೊಣಕೈಯೋ ಭುಜವೋ ನೋಯುತ್ತಿದೆ ಎಂದರೆ ಅಂದೇ ನಿಲ್ಲಿಸು. ಈ ವಯಸ್ಸಿನಲ್ಲಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೃದುವಾಗಿರುತ್ತದೆ, ಪದೇಪದೇ ಎಸೆಯುವ ಒತ್ತಡ ಅಲ್ಲಿಗೇ ಬೀಳುತ್ತದೆ. ಪಿಚಿಂಗ್ ಕೈಕೆಳಗಿನಿಂದ ಮಾಡುವುದರಿಂದ ಅಪಾಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಅದೂ ಭುಜವನ್ನು ದಣಿಸುತ್ತದೆ. ವಾರದಲ್ಲಿ ಎರಡು ದಿನ ಚೆಂಡನ್ನು ಮುಟ್ಟದೆ ಇರಲಿ. ಟೆಕ್ಸಾಸಿನ ಆಗಸ್ಟ್ ಬಿಸಿಲಿಗೆ ನೀರು ಹಿಂದಿನ ದಿನದಿಂದಲೇ ಹೆಚ್ಚಾಗಿ ಕುಡಿಯಲಿ.

ಆಯ್ಕೆಯಾದರೆ ಕೆಲವು ತಂಡಗಳು ಒಂದೆರಡು ದಿನದಲ್ಲೇ ಉತ್ತರ ಕೇಳುತ್ತವೆ. ಆದ್ದರಿಂದ ಶುಲ್ಕವೆಷ್ಟು, ಸಮವಸ್ತ್ರ ಅದರಲ್ಲಿ ಸೇರಿದೆಯೇ, ಎಷ್ಟು ವಾರಾಂತ್ಯ ಹೊರಗೆ ಹೋಗಬೇಕು, ಒಟ್ಟು ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನು ಈಗಲೇ ಕೇಳಿಟ್ಟುಕೊ. ಮೈದಾನಕ್ಕೆ ಇಳಿಯುವುದು 9 ಮಂದಿ, ತಂಡದಲ್ಲಿ 14 ಮಂದಿಯಿದ್ದರೆ ಅವಳು ಬೆಂಚಿನಲ್ಲಿ ಎಷ್ಟು ಹೊತ್ತು ಕೂರಬೇಕಾದೀತು ಎಂದು ಯೋಚಿಸಿ ಇಬ್ಬರೂ ತೀರ್ಮಾನಿಸಿ. ಈ ಶನಿವಾರ ಅವಳು ಎಸೆಯುವುದನ್ನು ಪಕ್ಕದಿಂದ ವಿಡಿಯೋ ಮಾಡಿ ಕಳುಹಿಸು, ನನ್ನ ಮಗಳೇ ನೋಡಿ ಅವಳಿಗೆ ಫೋನ್ ಮಾಡುತ್ತಾಳೆ.